ನೆಲದಡಿಯ ಕಲ್ಲು ಉಬ್ಬುವುದುಂಟೇ?

ಪ್ರಶ್ನೆ: ಡಬ್ಲಿನ್‌ನಲ್ಲಿರುವ ಮಗಳು ಮನೆ ಕೊಳ್ಳಲು ಹೊರಟಿದ್ದಾಳೆ. ‘ಪೈರೈಟ್ ಪರೀಕ್ಷೆ ಆಗಿದೆಯೇ ಕೇಳಿ, ನೆಲದಡಿಯ ಕಲ್ಲು ಉಬ್ಬಿ ಮನೆ ಬಿರುಕು ಬಿಡುತ್ತದೆ’ ಎಂದರಂತೆ ಅಲ್ಲಿಯವರು. ಕಲ್ಲು ಉಬ್ಬುವುದುಂಟೇ? ಇದೂ ನಮ್ಮ ಎರೆಮಣ್ಣಿನಂತೆಯೇ?
– ಓದುಗರೊಬ್ಬರು, ಗದಗ

ಉತ್ತರ: ಎರೆಭೂಮಿಯವರಾದ ನಿಮಗೆ ಈ ಸಂದೇಹ ಬಂದದ್ದು ಸಹಜವೇ. ಹೌದು, ಕೆಲವು ಕಲ್ಲುಗಳು ನಿಜವಾಗಿಯೂ ಉಬ್ಬುತ್ತವೆ.

ಮೊದಲು ಅಲ್ಲಿ ಮನೆ ಕಟ್ಟುವ ಕ್ರಮ ನೋಡೋಣ. ಪಾಯದ ಗೋಡೆಗಳ ನಡುವಿನ ಜಾಗಕ್ಕೆ ಒಡೆದ ಕಲ್ಲು ತುಂಬಿ, ದಮ್ಮಸ್ಸು ಮಾಡಿ, ಮೇಲೆ ಕಾಂಕ್ರೀಟ್ ನೆಲ ಹಾಕುತ್ತಾರೆ. 2000ದ ದಶಕದಲ್ಲಿ ಡಬ್ಲಿನ್ ಸುತ್ತಮುತ್ತ ಮನೆಗಳು ಭರದಿಂದ ಎದ್ದಾಗ, ಕೆಲವು ಕ್ವಾರಿಗಳ ಭರ್ತಿ ಕಲ್ಲಿನಲ್ಲಿ ಶೇಲ್‌ನಂಥ ಪದರುಗಲ್ಲು ಸೇರಿತ್ತು. ಅದರೊಳಗೆ ಕಬ್ಬಿಣ, ಗಂಧಕ ಕೂಡಿದ ಪೈರೈಟ್ ಎಂಬ ಖನಿಜ, ಬರಿಗಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಹರಡಿಕೊಂಡಿತ್ತು. ಕಣ ಸಣ್ಣದಾದಷ್ಟೂ ರಾಸಾಯನಿಕ ಕ್ರಿಯೆ ಬೇಗ.

ಇನ್ನು ಉಬ್ಬುವ ಬಗೆ. ಗಾಳಿ, ತೇವ ಎರಡೂ ತಗುಲಿದಾಗ ಪೈರೈಟ್‌ನಿಂದ ಗಂಧಕಾಮ್ಲ ಹುಟ್ಟುತ್ತದೆ. ಆಮ್ಲವು ಅದೇ ಕಲ್ಲಿನಲ್ಲಿರುವ ಕ್ಯಾಲ್ಸೈಟ್ ಎಂಬ ಸುಣ್ಣದ ಖನಿಜದೊಂದಿಗೆ ಸೇರಿ ಜಿಪ್ಸಮ್ ಆಗುತ್ತದೆ. ಜಿಪ್ಸಮ್‌ಗೆ ಕ್ಯಾಲ್ಸೈಟ್‌ನ ಸುಮಾರು ಎರಡರಷ್ಟು ಜಾಗ ಬೇಕು. ಅದರ ಹರಳುಗಳು ಕಲ್ಲಿನ ಪದರಗಳ ನಡುವೆಯೇ ಬೆಳೆದು ಪದರಗಳನ್ನು ಬಿಡಿಸುತ್ತವೆ. ತುಂಬಿದ ಕಲ್ಲು ಹೀಗೆ ಹಿಗ್ಗಿದಾಗ ಕಾಂಕ್ರೀಟ್ ನೆಲ ನಡುವೆ ಎದ್ದು ಬಿರಿಯುತ್ತದೆ, ಅದರ ಮೇಲೆ ನಿಂತ ಅಡ್ಡಗೋಡೆಗಳು ಸೀಳುತ್ತವೆ, ಬಾಗಿಲುಗಳು ಚೌಕಟ್ಟಿನಲ್ಲಿ ಕಚ್ಚಿಕೊಳ್ಳುತ್ತವೆ. ಇದೆಲ್ಲ ಕಾಣಿಸಿಕೊಳ್ಳಲು ವರ್ಷಗಳೇ ಹಿಡಿಯಬಹುದು.

ಎರೆಮಣ್ಣಿಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲಿದೆ. ಎರೆ ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುತ್ತದೆ. ಪೈರೈಟ್‌ನ ಉಬ್ಬು ರಾಸಾಯನಿಕ ಬದಲಾವಣೆ. ನೆಲ ಒಣಗಿದರೂ ಅದು ಇಳಿಯುವುದಿಲ್ಲ.

ಆದ್ದರಿಂದ ಬಿರುಕಿಗೆ ಗಾರೆ ಮೆತ್ತಿ ಪ್ರಯೋಜನವಿಲ್ಲ. ನೆಲ ಒಡೆದು, ಭರ್ತಿ ಕಲ್ಲನ್ನೆಲ್ಲ ಹೊರತೆಗೆದು, ಪರೀಕ್ಷೆಯಾದ ಒಳ್ಳೆಯ ಕಲ್ಲು ತುಂಬಿ, ಹೊಸ ನೆಲ ಹಾಕಬೇಕು. ಈ ಹೊರೆ ಮನೆಯವರಿಂದ ಆಗದೆಂದೇ ಐರ್ಲೆಂಡ್ 2013ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿ, ಅರ್ಹ ಮನೆಗಳ ದುರಸ್ತಿಗೆ ಸರ್ಕಾರಿ ಯೋಜನೆ ತಂದಿತು.

ನಿಮ್ಮ ಮಗಳಿಗೆ ಅಲ್ಲಿಯವರು ಹೇಳಿದ ಮಾತು ಸರಿಯಾಗಿಯೇ ಇದೆ. ಮುಂಗಡ ಕೊಡುವ ಮೊದಲು ಭರ್ತಿ ಕಲ್ಲಿನ ಪ್ರಯೋಗಾಲಯ ವರದಿಯನ್ನೋ, ದುರಸ್ತಿಯಾದ ಮನೆಯಾದರೆ ಅದರ ಪ್ರಮಾಣಪತ್ರವನ್ನೋ ತಪ್ಪದೆ ಕೇಳಲಿ.