ಆ್ಯಕ್ಷನ್ ಹೇಳುವ ಮೊದಲು

ಸಿನಿಮಾ ಕಲಿಯುವ ಹುಡುಗ ಹುಡುಗಿಯರ ಶೂಟಿಂಗ್‌ಗಳಿಗೆ ವರ್ಷಗಳಿಂದ ಹೋಗುತ್ತಿದ್ದೇನೆ. ದುಡ್ಡು ಕಡಿಮೆ, ಹುಮ್ಮಸ್ಸು ಜಾಸ್ತಿ. ಗೆಳೆಯನ ಸಿನಿಮಾ ಎಂದು ಯಾರೂ ಯಾವುದಕ್ಕೂ ಆಗಲ್ಲ ಎನ್ನುವುದಿಲ್ಲ. ನನಗೆ ಭಯವಾಗುವುದೇ ಅಲ್ಲಿ.

1. ಸ್ಕ್ರಿಪ್ಟ್ ಕೈಯಲ್ಲಿರುವಾಗಲೇ ನೀರು, ಬೆಂಕಿ, ಎತ್ತರ, ಓಡುವ ಗಾಡಿ ಬರುವ ದೃಶ್ಯಗಳಿಗೆ ಗುರುತು ಹಾಕಿ. ಅದನ್ನು ನಿಜವಾಗಿ ಮಾಡದೆಯೇ ತೋರಿಸಬಹುದೇ ಎಂದು ಕೇಳಿಕೊಳ್ಳಿ. ಹುಡುಗ ಬಾವಿಗೆ ಬೀಳಬೇಕೇ? ಕಟ್ಟೆಯ ಮೇಲೊಂದು ಚಪ್ಪಲಿ, ನೀರಿನ ಸದ್ದು, ಓಡಿಬಂದ ತಾಯಿಯ ಮುಖ ಸಾಕು. ಎಷ್ಟೋ ಸಲ ಸಿನಿಮಾವೂ ಹಾಗೇ ಚೆನ್ನಾಗಿ ಬರುತ್ತದೆ.

2. 2016ರ ನವೆಂಬರ್ 7ರಂದು ‘ಮಾಸ್ತಿಗುಡಿ’ ಚಿತ್ರಕ್ಕಾಗಿ ಹೆಲಿಕಾಪ್ಟರ್‌ನಿಂದ ತಿಪ್ಪಗೊಂಡನಹಳ್ಳಿ ಜಲಾಶಯಕ್ಕೆ ಜಿಗಿದ ನಟರಾದ ಅನಿಲ್ ಮತ್ತು ಉದಯ್ ಮುಳುಗಿ ತೀರಿಕೊಂಡರು. ಇಬ್ಬರಿಗೂ ಲೈಫ್ ಜಾಕೆಟ್ ಇರಲಿಲ್ಲ. ಈ ಘಟನೆಯನ್ನು ಪ್ರತಿ ಹೊಸ ಬ್ಯಾಚಿಗೂ ಹೇಳುತ್ತೇನೆ. ಕ್ಯಾಮೆರಾ ರೋಲ್ ಆಗುವ ಮೊದಲೇ ಈಜುಗಾರ ನೀರಿಗಿಳಿದು ನಿಂತಿರಬೇಕು. ಊರ ಕೆರೆಯಾದರೆ ಮಣ್ಣು ತೆಗೆದ ಗುಂಡಿ ಎಲ್ಲಿದೆ, ಹೂಳು ಎಷ್ಟಿದೆ ಎಂದು ಅಲ್ಲಿ ದನ ತೊಳೆಯುವವರನ್ನು ಕೇಳಿ.

3. ಕರೆಂಟಿನ ಲೆಕ್ಕ ಕಾಗದದ ಮೇಲೆ ಆಗಬೇಕು. ಸಾವಿರ ವ್ಯಾಟ್‌ನ ಒಂದು ಲೈಟು 230 ವೋಲ್ಟ್‌ನಲ್ಲಿ 4.3 ಆಂಪ್ಸ್‌ಗಿಂತ ತುಸು ಹೆಚ್ಚೇ ಎಳೆಯುತ್ತದೆ. ಅಂಥ ಎರಡನ್ನು ಹಳೇ ಮನೆಯ 6 ಆಂಪ್ಸ್ ಸಾಕೆಟ್ಟಿಗೆ ಒಂದೇ ಎಕ್ಸ್‌ಟೆನ್ಷನ್‌ನಲ್ಲಿ ಸಿಕ್ಕಿಸಿದರೆ ಪ್ಲಗ್ಗು ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಪಕ್ಕದಲ್ಲೇ ಪರದೆ ಇರುತ್ತದೆ. ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ 1989ರ ಫೆಬ್ರವರಿ 8ರಂದು ಟಿಪ್ಪು ಸುಲ್ತಾನ್ ಧಾರಾವಾಹಿಯ ಸೆಟ್ಟಿಗೆ ಬೆಂಕಿ ಬಿದ್ದು 62 ಜನ ಸತ್ತರು. ಒಳಗೆ ಹೋದ ಕೂಡಲೇ ಹೊರಬರುವ ಎರಡು ದಾರಿ ಹುಡುಕಿ, ಅಲ್ಲಿ ಟ್ರೈಪಾಡ್ ಪೆಟ್ಟಿಗೆ ಪೇರಿಸಬೇಡಿ. ಬಯಲಿನಲ್ಲಿ ತಲೆ ಎತ್ತಿ ನೋಡಿ: 2021ರ ಆಗಸ್ಟ್‌ನಲ್ಲಿ ಬಿಡದಿ ಹತ್ತಿರ ಕ್ರೇನ್ ಹೈಟೆನ್ಷನ್ ತಂತಿಗೆ ತಗುಲಿ ಸಾಹಸ ಕಲಾವಿದರೊಬ್ಬರು ಹೋದರು. ಕ್ಯಾಮೆರಾ ಎತ್ತುವ ನಿಮ್ಮ ಜಿಬ್ಬೂ ಲೋಹದ್ದೇ.

4. ರಾತ್ರಿಯಿಡೀ ಶೂಟ್ ಮಾಡಿದವರನ್ನು ಬೈಕಿನಲ್ಲಿ ಮನೆಗೆ ಕಳಿಸಬೇಡಿ. ಮಲಗಲು ಜಾಗ ಅಥವಾ ಡ್ರೈವರ್ ಸಮೇತ ಟೆಂಪೊ, ಎರಡರಲ್ಲಿ ಒಂದು ಬಜೆಟ್ಟಿನಲ್ಲಿರಲಿ.

5. ಕಾಲ್‌ಶೀಟಿನ ತುದಿಯಲ್ಲಿ 108, ಹತ್ತಿರದ ಆಸ್ಪತ್ರೆ, ಆ ಊರಿನ ಲೈನ್‌ಮನ್ ನಂಬರ್. ಒಂದು ಗಾಡಿ ಸದಾ ಖಾಲಿ ನಿಂತಿರಲಿ.

6. ಶೂಟಿಂಗ್ ನಿಲ್ಲಿಸುವ ಅಧಿಕಾರ ನಿರ್ದೇಶಕನಲ್ಲದ ಒಬ್ಬರಿಗೆ ಕೊಡಿ. ಶಾಟಿನ ಮೋಹ ಇಲ್ಲದವರಿಗೆ. ಉಳಿದವರಲ್ಲಿ ಯಾರೇ ಅಪಾಯವೆಂದು ಕೂಗಿದರೂ ಕೆಲಸ ನಿಲ್ಲಬೇಕು. ಒಮ್ಮೆ ಕ್ಲ್ಯಾಪ್ ಹಿಡಿದಿದ್ದ ಜೂನಿಯರ್ ಹುಡುಗಿ, “ಅಣ್ಣಾ, ಪ್ಯಾರಾಪೆಟ್ ಅಲ್ಲಾಡ್ತಿದೆ” ಅಂದಳು. ಸಂಜೆಯ ಬೆಳಕು ಜಾರುತ್ತಿತ್ತು. ನಿರ್ದೇಶಕ ಹಲ್ಲು ಕಚ್ಚಿಕೊಂಡೇ ಎಲ್ಲರನ್ನೂ ತಾರಸಿಯಿಂದ ಇಳಿಸಿದ. ಮರುದಿನ ಆ ದೃಶ್ಯವನ್ನು ಅಂಗಳದಲ್ಲಿ, ಲೋ ಆ್ಯಂಗಲ್‌ನಲ್ಲಿ ತೆಗೆದರು.