ಹೊರಚಕ್ರದ ಕಾರು ಮತ್ತು ಬೆಂಗಳೂರಿನ ಅರ್ಜುನ್ ಮೈನಿ

ಕಳೆದ ವಾರ ಏಳನೆಯ ತರಗತಿಯ ಇಬ್ಬರು ಹುಡುಗರು ಪೇಪರಿನಿಂದ ಕತ್ತರಿಸಿದ ಒಂದು ಪಂದ್ಯದ ಕಾರಿನ ಚಿತ್ರ ತಂದರು. "ಸಾರ್, ಇದಕ್ಕೆ ಮಡ್‌ಗಾರ್ಡೇ ಇಲ್ಲ, ಚಕ್ರ ಎಲ್ಲಾ ಹೊರಗಿದೆ, ಯಾಕೆ?" ಅಂತ ಒಬ್ಬ ಕೇಳಿದ. ಇನ್ನೊಬ್ಬ, "ಅದು ಫಾರಿನ್ನವರ ಆಟ ಕಣೋ, ನಮ್ಮೋರು ಯಾರೂ ಇಲ್ಲ" ಅಂದ. ಮೊದಲನೆಯ ಪ್ರಶ್ನೆ ಒಳ್ಳೆಯದು. ಎರಡನೆಯ ಮಾತು ತಪ್ಪು. ಎರಡಕ್ಕೂ ಸೇರಿಸಿ ಈ ಸಲದ ಪಾಠ.

ಹಿಂದಿನ ಕಾಲದಲ್ಲಿ ಕಾರು ಹಗುರವಾಗಲಿ ಎಂದು ಪಂದ್ಯಕ್ಕೆ ಬರುವವರು ಮಡ್‌ಗಾರ್ಡ್, ದೀಪ ಎಲ್ಲ ಬಿಚ್ಚಿಡುತ್ತಿದ್ದರು. ಆಮೇಲೆ ಅದೇ ಒಂದು ಜಾತಿಯ ಕಾರಾಯಿತು. ಚಾಲಕ ಒಬ್ಬನೇ, ನಡುವೆ ಕೂರುತ್ತಾನೆ. ನಾಲ್ಕೂ ಚಕ್ರ ಮೈಯಿಂದ ಹೊರಗೆ. ಇಂಥ ಕಾರುಗಳ ಪಂದ್ಯಕ್ಕೆ 'ಫಾರ್ಮುಲಾ' ಎಂಬ ಹೆಸರು ಬಂದದ್ದು ನಿಯಮಗಳಿಂದ. ಎಂಜಿನ್ ಎಷ್ಟು ದೊಡ್ಡದು, ತೂಕ ಎಷ್ಟು, ರೆಕ್ಕೆ ಎಷ್ಟು ಅಗಲ ಎಂದು ಬರೆದಿಟ್ಟ ನಿಯಮಗಳ ಕಟ್ಟೇ ಫಾರ್ಮುಲಾ. ಗಣಿತದ ಸೂತ್ರ ಅಂದುಕೊಂಡು ಹೆದರಬೇಡಿ.

ರೆಕ್ಕೆ ಅಂದೆನಲ್ಲ, ಅದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಹೊಸ ತಿಪ್ಪಸಂದ್ರದ ಮಕ್ಕಳಿಗೆ ರೆಕ್ಕೆಯ ವಿಷಯ ಹೊಸದಲ್ಲ. ಪಕ್ಕದಲ್ಲೇ ಎಚ್‌ಎಎಲ್ ವಿಮಾನ ನಿಲ್ದಾಣ. ತೇಜಸ್ ಮೇಲೇರಿದರೆ ನಾನು ಬೋರ್ಡಿನ ಮೇಲೆ ಬರೆಯೋದು ನಿಲ್ಲಿಸಿ ಸದ್ದು ಅಡಗುವವರೆಗೆ ಕಾಯಬೇಕು, ಅಷ್ಟು ಹತ್ತಿರ. ವಿಮಾನದ ರೆಕ್ಕೆ ಗಾಳಿಯನ್ನು ಕೆಳಕ್ಕೆ ತಳ್ಳುತ್ತದೆ, ಗಾಳಿ ಅದನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನ್ನನ ಮೂರನೆಯ ನಿಯಮ, ಎಲ್ಲರಿಗೂ ಬಾಯಿಪಾಠ ಇದೆ. ಪಂದ್ಯದ ಕಾರಿಗೆ ಅದೇ ರೆಕ್ಕೆಯನ್ನು ತಲೆಕೆಳಗು ಮಾಡಿ ಹಾಕುತ್ತಾರೆ. ಅದು ಗಾಳಿಯನ್ನು ಮೇಲಕ್ಕೆ ಎಸೆಯುತ್ತದೆ, ಗಾಳಿ ಕಾರನ್ನು ರಸ್ತೆಗೆ ಒತ್ತುತ್ತದೆ.

ಒತ್ತಿದರೆ ಏನು ಲಾಭ? ನಿಮ್ಮ ರಬ್ಬರನ್ನು ಬೆಂಚಿನ ಮೇಲಿಟ್ಟು ಒಂದು ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಜಾರುತ್ತದೆ. ಈಗ ಇನ್ನೊಂದು ಬೆರಳಿನಿಂದ ಮೇಲಿಂದ ಅದುಮಿಕೊಂಡು ತಳ್ಳಿ ನೋಡಿ. ಜಾರಲ್ಲ. ತಿರುವಿನಲ್ಲಿ ಟೈರೂ ಹೀಗೇ ಕಚ್ಚಿ ಹಿಡಿಯುತ್ತದೆ. ಕಾರಿನ ತೂಕ ಹೆಚ್ಚಿಸದೆ ಹಿಡಿತ ಹೆಚ್ಚಿಸುವ ಉಪಾಯ ಇದು. ಆದರೆ ವೇಗ ಇದ್ದರೆ ಮಾತ್ರ ಗಾಳಿ ಒತ್ತುತ್ತದೆ. ಹೆದರಿ ನಿಧಾನ ಮಾಡಿದರೆ ಹಿಡಿತವೂ ಕಡಿಮೆ.

ಇನ್ನು ಹೊರಗಿರುವ ಚಕ್ರದ ಅಪಾಯ. ಮುಂದಕ್ಕೆ ಉರುಳುವ ಚಕ್ರವನ್ನು ಗಮನಿಸಿ: ಅದರ ಮುಂಭಾಗ ಕೆಳಕ್ಕೆ ಇಳಿಯುತ್ತಿರುತ್ತದೆ, ಹಿಂಭಾಗ ಮೇಲಕ್ಕೆ ಏರುತ್ತಿರುತ್ತದೆ. ಹಿಂದಿನ ಕಾರಿನ ಮುಂಚಕ್ರ ಹೋಗಿ ಮುಂದಿನ ಕಾರಿನ ಹಿಂಚಕ್ರಕ್ಕೆ ತಾಗಿದರೆ, ಮೇಲಕ್ಕೇರುವ ಆ ರಬ್ಬರು ಹಿಂದಿನ ಕಾರನ್ನು ಎತ್ತಿ ಒಗೆಯಬಹುದು. ಮಾಮೂಲಿ ಕಾರಾದರೆ ಬಂಪರು ತಗ್ಗಿತು, ಬಣ್ಣ ಹೋಯಿತು, ಅಷ್ಟೇ. ಹೊರಚಕ್ರದ ಕಾರಿನಲ್ಲಿ ತಾಗುವುದು ಅಂದರೆ ಹುಡುಗಾಟ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ನಮ್ಮವರ ಕಥೆ. ಅರ್ಜುನ್ ಮೈನಿ ಹುಟ್ಟಿದ್ದು 1997ರ ಡಿಸೆಂಬರ್ 10ರಂದು, ನಮ್ಮ ಬೆಂಗಳೂರಿನಲ್ಲೇ. ತಂದೆ ಗೌತಮ್ ಮೈನಿ ತಾವೂ ಪಂದ್ಯದ ಕಾರು ಓಡಿಸಿದವರು. ಬೆಂಗಳೂರಿನಲ್ಲಿ ತಯಾರಾದ 'ರೇವಾ' ಎಂಬ ಪುಟ್ಟ ಬ್ಯಾಟರಿ ಕಾರು ನಿಮ್ಮ ಅಪ್ಪ ಅಮ್ಮಂದಿರಿಗೆ ನೆನಪಿರಬಹುದು. ಅದನ್ನು ತಂದ ಚೇತನ್ ಮೈನಿ, ಗೌತಮರ ತಮ್ಮ. ಹಣವಿರುವ ಮನೆ ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಈ ಆಟಕ್ಕೆ ಟೈರು, ಪೆಟ್ರೋಲು, ಮೆಕ್ಯಾನಿಕ್ಕು, ವಿದೇಶ ಪ್ರಯಾಣ ಎಲ್ಲಕ್ಕೂ ದುಡ್ಡು ಸುರಿಯಬೇಕು. ಒಂದು ಬ್ಯಾಟು ಒಂದು ಬಾಲು ಹಿಡಿದು ಖಾಲಿ ಸೈಟಿಗೆ ಓಡುವ ಹಾಗಲ್ಲ. ಆದರೆ ದುಡ್ಡು ಕಾರು ತಂದುಕೊಡುತ್ತದೆ, ತಿರುವಿನಲ್ಲಿ ಕಾರು ತಿರುಗಿಸಿಕೊಡುವುದಿಲ್ಲ.

2011ರಲ್ಲಿ ಫೋರ್ಸ್ ಇಂಡಿಯಾ ತಂಡದವರು ದೇಶದ ಎಳೆಯ ಚಾಲಕರನ್ನು ಹುಡುಕಲು ಒಂದು ಸ್ಪರ್ಧೆ ಇಟ್ಟರು. ಅದರಲ್ಲಿ ಆಯ್ಕೆಯಾದ ಮೂವರಲ್ಲಿ ಅರ್ಜುನ್ ಒಬ್ಬ. ಆಗ ವಯಸ್ಸು 13, ನಿಮ್ಮ ವಯಸ್ಸೇ. ಓಡಿಸುತ್ತಿದ್ದದ್ದು ಕಾರ್ಟ್, ಅಂದರೆ ನೆಲಕ್ಕೆ ಅಂಟಿದಂತಿರುವ ಗೇರಿಲ್ಲದ ಪುಟ್ಟ ಗಾಡಿ. ಅಲ್ಲಿಂದ ಮೇಲೆ ಏಣಿಯ ಮೆಟ್ಟಿಲುಗಳಿವೆ: ಫಾರ್ಮುಲಾ ಫೋರ್, ತ್ರೀ, ಟೂ, ತುದಿಯಲ್ಲಿ ಒನ್. ಮೇಲೆ ಹೋದಂತೆ ಎಂಜಿನ್‌ನ ಶಕ್ತಿ ಹೆಚ್ಚು, ಜಾಗ ಕಡಿಮೆ. 2018ರಲ್ಲಿ ಫಾರ್ಮುಲಾ ಒನ್‌ನಲ್ಲಿ ಇದ್ದದ್ದು ಹತ್ತು ತಂಡ, ಇಪ್ಪತ್ತು ಕಾರು. ಇಡೀ ಭೂಮಿಗೆ ಇಪ್ಪತ್ತು ಸೀಟು! ನಮ್ಮ ಒಂದು ಬಿಎಂಟಿಸಿ ಬಸ್ಸಿನಲ್ಲೇ ಅದಕ್ಕಿಂತ ಹೆಚ್ಚಿವೆ.

2014ರಲ್ಲಿ ಅರ್ಜುನ್ ಇಂಗ್ಲೆಂಡಿನ ಫಾರ್ಮುಲಾ ಫೋರ್ ಸರಣಿಗೆ ಇಳಿದ. ವರ್ಷವಿಡೀ ಓಡಿಸಿ, ಎಲ್ಲ ಪಂದ್ಯದ ಅಂಕ ಕೂಡಿಸಿದಾಗ ಎರಡನೆಯ ಸ್ಥಾನ. ಮೊದಲನೆಯವನಿಗೂ ಇವನಿಗೂ ಅಂತರ ಮೂರೇ ಮೂರು ಅಂಕ. ಕಿರುಪರೀಕ್ಷೆಯಲ್ಲಿ ಒಂದು ಪ್ರಶ್ನೆ ಬಿಟ್ಟಷ್ಟು. ಗೆದ್ದ ಹುಡುಗನ ಹೆಸರು ಜಾರ್ಜ್ ರಸೆಲ್. ಅವನು 2019ರಲ್ಲಿ ಫಾರ್ಮುಲಾ ಒನ್ ಸೇರಿ, 2022ರಲ್ಲಿ ಬ್ರೆಜಿಲ್‌ನಲ್ಲಿ ಗೆದ್ದ.

ಅರ್ಜುನ್ ಬಿಡಲಿಲ್ಲ. 2017ರ ಮೇ ತಿಂಗಳಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಜಿಪಿ ತ್ರೀ ಪಂದ್ಯ ಗೆದ್ದ. ಆ ಸರಣಿಯಲ್ಲಿ ಗೆದ್ದ ಮೊದಲ ಭಾರತೀಯ ಅವನೇ. ಅದೇ ತಿಂಗಳು ಅಮೆರಿಕದ ಹಾಸ್ ಎಂಬ ಫಾರ್ಮುಲಾ ಒನ್ ತಂಡ ಅವನನ್ನು ತರಬೇತಿ ಚಾಲಕನಾಗಿ ತೆಗೆದುಕೊಂಡಿತು. 2018ಕ್ಕೆ ಫಾರ್ಮುಲಾ ಟೂ. ತುದಿಗೆ ಒಂದೇ ಮೆಟ್ಟಿಲು ಬಾಕಿ.

ಫಾರ್ಮುಲಾ ಟೂನಲ್ಲಿ ಎಲ್ಲರಿಗೂ ಒಂದೇ ಮಾದರಿಯ ಕಾರು, ಒಂದೇ ಮಾದರಿಯ 620 ಅಶ್ವಶಕ್ತಿಯ ಎಂಜಿನ್. ತಂಡಕ್ಕೆ ಎರಡು ಕಾರು, ಇಬ್ಬರು ಚಾಲಕರು. ಒಂದೇ ಗ್ಯಾರೇಜು, ಒಂದೇ ಊಟದ ಟೇಬಲ್ಲು. ಆದರೆ ಚಾಲಕನ ಬೆಲೆಯನ್ನು ಅಳೆಯೋದು ಪಕ್ಕದವನ ಜೊತೆಗೇ, ಯಾಕೆಂದರೆ ಬೇರೆ ನೆಪ ಹೇಳಲು ಅಲ್ಲಿ ಜಾಗವಿಲ್ಲ. ಹಾಗಾಗಿ ಜೊತೆಗಾರನೇ ಮೊದಲ ಎದುರಾಳಿ. ಟ್ರೈಡೆಂಟ್ ಎಂಬ ಇಟಲಿಯ ತಂಡದಲ್ಲಿ ಅರ್ಜುನನ ಜೊತೆಗಾರ ಸ್ಯಾಂಟಿನೋ ಫೆರುಚಿ, ಅಮೆರಿಕದ ಕನೆಕ್ಟಿಕಟ್ ರಾಜ್ಯದವ. ಇಬ್ಬರಿಗೂ 20 ವರ್ಷ. ಇಬ್ಬರೂ ಹಾಸ್ ತಂಡದ ತರಬೇತಿ ಚಾಲಕರು. ಇಬ್ಬರ ಕಣ್ಣೂ ಒಂದೇ ಬಾಗಿಲ ಮೇಲೆ.

2018ರ ಜುಲೈ, ಇಂಗ್ಲೆಂಡಿನ ಸಿಲ್ವರ್‌ಸ್ಟೋನ್. ಪಂದ್ಯದ ನಡುವೆ ಫೆರುಚಿ ಅರ್ಜುನನ ಕಾರನ್ನು ಟ್ರ್ಯಾಕಿನಿಂದ ಹೊರಕ್ಕೆ ತಳ್ಳಿದ. ಅದು ಪಂದ್ಯದ ಬಿಸಿಯಲ್ಲಿ ಆದದ್ದು ಎನ್ನಬಹುದಿತ್ತು. ಆದರೆ ಬಾವುಟ ಬಿದ್ದು, ಎಲ್ಲರೂ ನಿಧಾನವಾಗಿ ವಾಪಸು ಬರುವ ಸುತ್ತಿನಲ್ಲಿ, ಹಿಂದಿನಿಂದ ಹೋಗಿ ಅರ್ಜುನನ ಕಾರಿಗೆ ಗುದ್ದಿದ. ಗೆಲ್ಲಲು ಏನೂ ಉಳಿದಿರಲಿಲ್ಲ. ಚಕ್ರದ ಮಾತು ನೆನಪಿಡಿ ಎಂದೆನಲ್ಲ, ಅದು ಇದಕ್ಕೇ. ಅದೇ ದಿನ ಆತ ಒಂದು ಕೈಗವಸು ಕಳಚಿ, ಫೋನು ಹಿಡಿದುಕೊಂಡು ಕಾರು ಓಡಿಸಿದ್ದನ್ನೂ ತೀರ್ಪುಗಾರರು ಹಿಡಿದರು. (ಫೋನು ಹಿಡಿದು ಸ್ಕೂಟರ್ ಓಡಿಸುವ ನಮ್ಮ ಮುಖ್ಯರಸ್ತೆಯ ಅಣ್ಣಂದಿರು ಇದನ್ನು ಓದಬೇಕು.) ನಾಲ್ಕು ಪಂದ್ಯ ನಿಷೇಧ, ಅರವತ್ತು ಸಾವಿರ ಯೂರೋಗೂ ಮೀರಿದ ದಂಡ. ಫೆರುಚಿ ಸಾರ್ವಜನಿಕವಾಗಿ ಕ್ಷಮೆ ಕೇಳಿದ. ತಂಡ ಅವನನ್ನು ಕೈಬಿಟ್ಟಿತು.

ಇಲ್ಲಿಗೆ ಕಥೆ ಮುಗಿದು ಒಳ್ಳೆಯವನಿಗೆ ಬಹುಮಾನ ಬಂತು ಎಂದು ಬರೆಯಲು ನನಗೂ ಆಸೆ. ಆದರೆ ನಡೆದದ್ದು ಬೇರೆ. ಫೆರುಚಿ ಅಮೆರಿಕಕ್ಕೆ ಹೋಗಿ ಅಲ್ಲಿನ ಹೊರಚಕ್ರದ ಪಂದ್ಯ ಇಂಡಿಕಾರ್‌ಗೆ ಸೇರಿದ. 2019ರಲ್ಲಿ ಇಂಡಿಯಾನಾಪೊಲಿಸ್‌ನ 500 ಮೈಲಿ ಪಂದ್ಯದಲ್ಲಿ ಏಳನೆಯವನಾಗಿ ಬಂದು, ಹೊಸಬರಲ್ಲಿ ಶ್ರೇಷ್ಠ ಅನ್ನಿಸಿಕೊಂಡ. 2023ರಲ್ಲಿ ಅದೇ ಪಂದ್ಯದಲ್ಲಿ ಮೂರನೆಯ ಸ್ಥಾನ. ಒಳ್ಳೆಯ ಚಾಲಕನೇ, ಅದನ್ನು ಇಲ್ಲ ಎನ್ನಲಾಗದು.

ಅರ್ಜುನನಿಗೆ ಆ ಕೊನೆಯ ಮೆಟ್ಟಿಲು ಸಿಗಲಿಲ್ಲ. 2018ರ ಫಾರ್ಮುಲಾ ಟೂನಲ್ಲಿ ಮೊದಲ ಮೂರು ಸ್ಥಾನ ಪಡೆದ ಜಾರ್ಜ್ ರಸೆಲ್, ಲ್ಯಾಂಡೋ ನಾರಿಸ್, ಅಲೆಕ್ಸ್ ಆಲ್ಬನ್ ಮೂವರೂ ಮರುವರ್ಷ ಫಾರ್ಮುಲಾ ಒನ್‌ಗೆ ಹೋದರು. ನಾರಿಸ್ 2025ರಲ್ಲಿ ವಿಶ್ವ ಚಾಂಪಿಯನ್ನೂ ಆದ. ಅಂಥವರ ಸಾಲಿನಲ್ಲಿ ನಮ್ಮ ಊರಿನವನೂ ನಿಂತಿದ್ದ. ಫಾರ್ಮುಲಾ ಒನ್ ಪಂದ್ಯ ಓಡಿಸಿದ ಭಾರತೀಯರು 2025ರ ಕೊನೆಯವರೆಗೂ ಇಬ್ಬರೇ, ನಾರಾಯಣ್ ಕಾರ್ತಿಕೇಯನ್ ಮತ್ತು ಕರುಣ್ ಚಂದೋಕ್.

ಏಣಿಯ ಮೇಲೆ ಮನೆಯ ಇನ್ನೊಬ್ಬ ಹುಡುಗನಿದ್ದಾನೆ. ಅರ್ಜುನನ ತಮ್ಮ ಕುಶ್ ಮೈನಿ, ಹುಟ್ಟಿದ್ದು 2000ದಲ್ಲಿ. 2020ರಲ್ಲಿ ಬ್ರಿಟಿಷ್ ಫಾರ್ಮುಲಾ ತ್ರೀಯಲ್ಲಿ ಅವನಿಗೂ ಎರಡನೆಯ ಸ್ಥಾನವೇ. 2025ರ ಮೇ ತಿಂಗಳಲ್ಲಿ ಮೊನಾಕೋದ ಇಕ್ಕಟ್ಟಾದ ಬೀದಿಗಳಲ್ಲಿ ಫಾರ್ಮುಲಾ ಟೂ ಪಂದ್ಯ ಗೆದ್ದ. ಅಲ್ಲಿ ಆ ಪಂದ್ಯ ಗೆದ್ದ ಮೊದಲ ಭಾರತೀಯ. ಆ ವರ್ಷ ಆಲ್ಪೀನ್ ಎಂಬ ಫಾರ್ಮುಲಾ ಒನ್ ತಂಡದ ಮೀಸಲು ಚಾಲಕನೂ ಆಗಿದ್ದ.

ಅರ್ಜುನ್ 2019ರಲ್ಲಿ ಫ್ರಾನ್ಸಿನ ಲ ಮಾನ್ಸ್ ಪಂದ್ಯಕ್ಕೆ ಹೋದ. ಅಲ್ಲಿ ಮೂವರು ಚಾಲಕರು ಒಂದೇ ಕಾರನ್ನು ಸರದಿಯ ಮೇಲೆ 24 ಗಂಟೆ ಓಡಿಸಬೇಕು, ಜೊತೆಗಾರ ಅಲ್ಲಿ ನಿಜಕ್ಕೂ ಜೊತೆಗಾರ. 2021ರಿಂದ ಜರ್ಮನಿಯ ಡಿಟಿಎಂ ಸರಣಿ, ಮೊದಲು ಮರ್ಸಿಡಿಸ್, 2025ರಲ್ಲಿ ಫೋರ್ಡ್ ಮಸ್ಟಾಂಗ್. ಆ ಸರಣಿಗೆ ಹೋದ ಮೊದಲ ಭಾರತೀಯನೂ ಅವನೇ. ಚಿತ್ರ ತಂದ ಹುಡುಗರಿಗೆ ಒಂದು ಮಾತು: ಆ ಮಸ್ಟಾಂಗಿನ ಚಿತ್ರ ಸಿಕ್ಕರೆ ನೋಡಿ, ಅದಕ್ಕೆ ಮಡ್‌ಗಾರ್ಡ್ ಇದೆ.