ಆಪತ್ತಿನ ಬಳಿಕ ಊರಿನ ಕೊರತೆಯನ್ನು ಗುರುತಿಸುವುದು

1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ದಂಡು ಪ್ರದೇಶದ ಇಕ್ಕಟ್ಟಾದ ಕೇರಿಗಳಲ್ಲಿ ಜನರಿಗೆ ಜ್ವರ, ಗಡ್ಡೆ, ಸಾವುಗಳು ಕಂಡವೇ ಹೊರತು ಇಲಿ, ಅದರ ಮೈಮೇಲಿನ ಚಿಗಟ, ಗಾಳಿ ಬೆಳಕಿಲ್ಲದ ಮನೆ ಇವು ಕಾಣಲಿಲ್ಲ. ಇಕ್ಕಟ್ಟೇ ದೊಡ್ಡ ಕೊರತೆಯೆಂದು ಮನಗಂಡ ಬಳಿಕ ಅಗಲ ಬೀದಿಗಳ ಫ್ರೇಜರ್ ಟೌನ್ ನಿರ್ಮಾಣವಾಯಿತು.

ದಂಪತಿಗಳೇ, ನಿಮ್ಮೂರಿಗೆ ನೆರೆಯೋ ಬೇನೆಯೋ ಬಂದುಹೋದಾಗ ಕೇವಲ ಔಷಧಿ ಬೇಕೆಂದು ಅರ್ಜಿ ಬರೆಯಬೇಡಿರಿ. ಯಾವ ಬಾವಿಯ ನೀರು ಕುಡಿದವರಿಗೆ, ಎಂದಿನಿಂದ ಭೇದಿಯಾಗಿದೆ ಎಂದು ವಿಚಾರಿಸಿರಿ. ಸಭೆಯಲ್ಲಿ ಗಂಡಸರು ರಸ್ತೆಯನ್ನೇ ಕೇಳುತ್ತಾರೆ. ನೀರು ಹೊರುವ ಹೆಂಗಸರನ್ನು ಕೇಳುವವರೇ ವಿರಳ. ಪತಿ ಪತ್ನಿಯರಿಬ್ಬರೂ ಮನೆಮನೆಗೆ ಹೋಗಿರಿ. ಗರ್ಭಿಣಿ, ಬಾಣಂತಿ, ಎಳೆಗೂಸುಗಳಿರುವ ಮನೆಗಳನ್ನು ಮೊದಲು ಎಣಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿರಿ.